ಗುಡಿಯ ಮುಖ ಯಾವ ಕಡೆ?

(ಧಾರವಾಡದಲ್ಲಿ ಫೆಬ್ರುವರಿಯ ಒಂದು ಭಾನುವಾರ ಬೆಳಗ್ಗೆ, ಫೋಟೋ ತೆಗೆಯುವ ಹುಚ್ಚಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಅಲ್ಲಲ್ಲಿ ಒಂದೆರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ?

ಗದಗಿನ ಹಳೇ ಓಣಿಯೊಂದರಲ್ಲಿ ಒಬ್ಬ ಅಜ್ಜಿ ಇದ್ದಳು. ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ತ್ರಿಕೂಟೇಶ್ವರ ಗುಡಿಗೆ ಹೋಗುವಾಗ ಬರುವಾಗ ನನ್ನ ಹೆಗಲ ಮೇಲಿನ ಕ್ಯಾಮೆರಾ ನೋಡಿ ಮಾತಾಡಿಸುತ್ತಿದ್ದಳು. ಅವಳ ಮನೆಗೊಂದು ಕೆತ್ತನೆಯ ಬಾಗಿಲಿತ್ತು. ಅದರ ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟ್ ಮಾಡಿ ಕೊಟ್ಟೆ. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಆಮೇಲೆ ಕೇಳಿದಳು: "ಚಲೋ ಬಂದೈತಿ. ಆದರ ಬಣ್ಣ ಎಲ್ಲಿ ಹೋತೋ ತಮ್ಮಾ? ರೊಕ್ಕ ಕಡಿಮಿ ಬಿತ್ತೇನು?"

ರೊಕ್ಕ ಕಡಿಮೆ ಬಿದ್ದಿದ್ದು ನಿಜವೇ. ಆಗ ಕಲರ್ ಫಿಲ್ಮ್ ನನ್ನ ಕೈಗೆ ಎಟುಕುತ್ತಿರಲಿಲ್ಲ. ಊಟಿಯಲ್ಲಿ ತಯಾರಾಗುತ್ತಿದ್ದ ಇಂದು ಫಿಲ್ಮ್, ಇಲ್ಲವೇ ಪೂರ್ವ ಜರ್ಮನಿಯ ಓರ್ವೋ, ಇವೆರಡರಲ್ಲಿ ಯಾವುದು ಸಿಕ್ಕರೆ ಅದು. ಆದರೆ ಕೈಯಲ್ಲಿ ರೊಕ್ಕ ಬಂದ ಮೇಲೂ ನಾನು ಕಟ್ಟಡಗಳಿಗೆ ಬಣ್ಣ ಮುಟ್ಟಲಿಲ್ಲ. ಯಾಕೆ ಅಂತ ಅಜ್ಜಿಗೆ ಹೇಳೋಕೆ ಬರಲಿಲ್ಲ, ಸುಮ್ನೆ ನಕ್ಕೆ. ಇವತ್ತು ನಿಮಗೆ ಹೇಳಲು ನೋಡುತ್ತೇನೆ.

ಕಪ್ಪು-ಬಿಳುಪು ಅಂದ ಕೂಡಲೇ 'ಹಳೇ ಕಾಲದ ಫೀಲ್ ಬರುತ್ತೆ ಸರ್' ಅನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಗುಡಿ ಹಳೆಯದು ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಮತ್ತೆ ಹಳೇ ಕಾಲದ ಫೀಲ್ ಕೊಡುವುದು ಅಂದರೆ ಮುದುಕನಿಗೆ ಬಿಳಿ ಗಡ್ಡ ಅಂಟಿಸಿದ ಹಾಗೆ. ನಾನು ಬಣ್ಣ ಬಿಟ್ಟಿದ್ದಕ್ಕೆ ಕಾರಣ ಬೇರೆ. ನಮ್ಮ ಕಡೆಯ ಕಲ್ಲೇ ಕಪ್ಪು-ಬಿಳುಪು.

ಬಾದಾಮಿ, ಪಟ್ಟದಕಲ್ಲಿಗೆ ಹೋಗಿ. ಅಲ್ಲಿ ಮರಳುಗಲ್ಲು, ಕೆಂಪು, ಹೊಂಬಣ್ಣ. ಸಂಜೆ ಬಿಸಿಲಿಗೆ ಕೆಂಡದ ಹಾಗೆ ಹೊಳೆಯುತ್ತದೆ. ಅಲ್ಲಿ ಬಣ್ಣ ಬಿಡು ಅಂದರೆ ನನಗೂ ಕಷ್ಟ. ಆದರೆ ಗದಗ, ಲಕ್ಕುಂಡಿ, ಹಾವೇರಿ ಕಡೆ ಬಂದರೆ ಕಲ್ಲು ಬದಲಾಗುತ್ತದೆ. ಕಲ್ಯಾಣ ಚಾಲುಕ್ಯರು 11ನೇ ಶತಮಾನದಲ್ಲಿ ಬಳಪದ ಕಲ್ಲು ಹಿಡಿದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿಯೇ ಈ ಕಲ್ಲಿನಲ್ಲಿ ಕಟ್ಟಿದ ಮೊದಲನೆಯದು ಅನ್ನುತ್ತಾರೆ. ಈ ಕಲ್ಲು ನೆಲದಿಂದ ಎತ್ತಿದಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಉಳಿ ಬೇಕಾದಷ್ಟು ಆಳಕ್ಕೆ ಇಳಿಯುತ್ತದೆ. ಮರಳುಗಲ್ಲಿನಲ್ಲಿ ಅಷ್ಟು ಸಣ್ಣ ಕೆಲಸಕ್ಕೆ ಹೋದರೆ ಕಾಳು ಉದುರುತ್ತದೆ. ಬಳಪದ ಕಲ್ಲಿನ ಬಣ್ಣ ಮಾತ್ರ ಬೂದು. ಎಲ್ಲೋ ಸ್ವಲ್ಪ ಹಸಿರು ಛಾಯೆ, ಎಲ್ಲೋ ಪೂರ್ತಿ ಕಪ್ಪು.

ಹಾಗಾದರೆ ಶಿಲ್ಪಿಯ ಕೈಯಲ್ಲಿ ಏನಿತ್ತು? ಕಲ್ಲೆಲ್ಲ ಒಂದೇ ಬೂದು. ಆ ಬೂದಿನಲ್ಲೇ ಮುತ್ತಿನ ಸರ ಕಾಣಬೇಕು, ಬಳ್ಳಿ ಕಾಣಬೇಕು, ಕೀರ್ತಿಮುಖದ ಹಲ್ಲು ಕಾಣಬೇಕು. ಅವನು ಮಾಡಿದ್ದು ಇಷ್ಟೇ: ಮಣಿ ಮಣಿಯ ನಡುವೆ ಕಲ್ಲು ತೆಗೆದು ಕತ್ತಲೆ ತುಂಬಿದ. ತೆಗೆದ ಜಾಗದಲ್ಲಿ ನೆರಳು ಬಂದು ಕೂತಿತು. ಕೆತ್ತನೆ ಅಂದರೆ ನೆರಳಿಗೆ ಗೂಡು ಮಾಡಿಕೊಡುವ ಕೆಲಸ. ಬಿಸಿಲು ಇಲ್ಲದಿದ್ದರೆ ಅರ್ಧ ಕೆತ್ತನೆ ಇಲ್ಲವೇ ಇಲ್ಲ.

ಇದು ನನಗೆ ಹೊಳೆದದ್ದು ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಒಂದು ಕಂಬದ ಮುಂದೆ. ಆ ಗುಡಿಯ ಸರಸ್ವತಿ ವಿಗ್ರಹ ಭಗ್ನವಾಗಿದೆ, ಪೂಜೆ ಇಲ್ಲ. ಜನ ತ್ರಿಕೂಟೇಶ್ವರನಿಗೆ ಕೈಮುಗಿದು, ಒಂದೇ ಪೀಠದ ಮೇಲಿನ ಮೂರು ಲಿಂಗ ನೋಡಿ ಹೋಗಿಬಿಡುತ್ತಾರೆ. ಸರಸ್ವತಿ ಗುಡಿಯ ಕಂಬಗಳು ಮಾತ್ರ ಈ ಸೀಮೆಯಲ್ಲೇ ಅತಿ ನಯವಾದ ಕೆಲಸ. ತಿರುಗಣೆಗೆ ಹಾಕಿ ಕಡೆದ ಕಂಬ ಅಂದರೆ ಬಳೆ ಬಳೆಯಾಗಿ ಉಂಗುರಗಳಿರುತ್ತವೆ, ಗೊತ್ತಲ್ಲ? ಇಲ್ಲಿ ಅಷ್ಟಕ್ಕೇ ಬಿಟ್ಟಿಲ್ಲ. ಮೈತುಂಬ ಸಣ್ಣ ಸಣ್ಣ ಗೂಡು, ಗೂಡಿನೊಳಗೆ ಪುಟ್ಟ ವಿಗ್ರಹ, ಸುತ್ತ ಬಳ್ಳಿ.

ಮೊದಲ ಸಲ ಹೋದಾಗ ನಾನು ಕಂಬದ ಎದುರಿಗೆ ನಿಂತು, ಫ್ಲಾಷ್ ಹಾಕಿ ಹೊಡೆದೆ. ಪ್ರಿಂಟ್ ನೋಡಿದರೆ ಕಂಬ ಅಲ್ಲ, ಬೂದಿ ಬಳಿದ ಲಟ್ಟಣಿಗೆ. ಕೆತ್ತನೆ ಎಲ್ಲ ಮಾಯ. ಫ್ಲಾಷ್ ನನ್ನ ಕಣ್ಣಿನ ದಿಕ್ಕಿನಿಂದಲೇ ಹೋಗಿ, ಶಿಲ್ಪಿ ಕಷ್ಟಪಟ್ಟು ತುಂಬಿದ್ದ ಕತ್ತಲೆಯನ್ನೆಲ್ಲ ಗುಡಿಸಿ ಹಾಕಿತ್ತು.

ಎರಡನೇ ಸಲ ಫ್ಲಾಷ್ ಬ್ಯಾಗಿನಲ್ಲೇ ಇಟ್ಟು ಒಂದು ಬೆಳಗ್ಗೆ ಪೂರ್ತಿ ಅಲ್ಲೇ ಕೂತೆ. ಬೆಳಕು ಹೊರಗಿನಿಂದ ಅಡ್ಡ ಬರುತ್ತಿತ್ತು. ಮೊದಲು ಕಂಬದ ಅಂಚಿಗೆ ಒಂದು ತೆಳು ಗೆರೆ ಬಿತ್ತು. ಆ ಗೆರೆ ನಿಧಾನಕ್ಕೆ ಅಗಲವಾಯಿತು. ಒಂದು ಗೂಡಿನ ಅಂಚು ಹೊಳೆಯಿತು, ಒಳಗಿನ ವಿಗ್ರಹದ ಮೊಣಕಾಲು ಕಂಡಿತು, ಮುಖ ಇನ್ನೂ ಕತ್ತಲೆಯಲ್ಲಿತ್ತು. ಇನ್ನೊಂದಿಷ್ಟು ಹೊತ್ತಿಗೆ ಮೂಗಿನ ತುದಿ ಬಂತು. ಆಮೇಲೆ ಬೆಳಕು ಹರಡಿ ಎಲ್ಲ ಸಪ್ಪೆಯಾಯಿತು. ಒಳ್ಳೆಯ ಚಿತ್ರಕ್ಕೆ ಸಿಕ್ಕಿದ್ದು ಆ ನಡುವಿನ ಹೊತ್ತು ಮಾತ್ರ.

ಗದಗಿನವರು ಒಂದು ಕಥೆ ಹೇಳುತ್ತಾರೆ. ಕುಮಾರವ್ಯಾಸ ವೀರನಾರಾಯಣನ ಗುಡಿಯಲ್ಲಿ, ಮಿಂದು ಒದ್ದೆ ಬಟ್ಟೆಯಲ್ಲೇ ಕಂಬದ ಬಳಿ ಕೂತು, ಬಟ್ಟೆ ಆರುವತನಕ ಭಾರತ ಹೇಳುತ್ತಿದ್ದನಂತೆ. ಬಟ್ಟೆ ಆರಿದ ಮೇಲೆ ಅವತ್ತಿನ ಕೆಲಸ ಮುಗಿಯಿತು. ನಮ್ಮ ಕೆಲಸವೂ ಅಷ್ಟೇ. ಕಂಬದ ಮೇಲೆ ಅಡ್ಡ ಬೆಳಕು ನಿಲ್ಲುವುದು ಒಂದು ಒದ್ದೆ ಪಂಚೆ ಆರುವಷ್ಟು ಹೊತ್ತು.

ಅದಕ್ಕೇ ನಾನು ಯಾವುದೇ ಕಟ್ಟಡದ ಹತ್ತಿರ ಹೋದರೂ ಮೊದಲು ಕೇಳುವುದು, ಇದರ ಮುಖ ಯಾವ ಕಡೆ? ಲೆನ್ಸ್, ಫಿಲ್ಟರ್ ಎಲ್ಲ ಆಮೇಲೆ. ಈ ಪ್ರಶ್ನೆ ಕೇಳದೆ ಒಮ್ಮೆ ಹಾವೇರಿಯಲ್ಲಿ ಏಮಾರಿದ್ದೇನೆ. ಬೆಳಗಿನ ಬಿಸಿಲು ಸಿಗಬೇಕು ಅಂತ ಹುಬ್ಬಳ್ಳಿಯಿಂದ ಮೊದಲ ಬಸ್ಸು ಹಿಡಿದು, ಹಲ್ಲುಜ್ಜಿದ್ದೊಂದೇ, ಚಹಾ ಕೂಡ ಕುಡಿಯದೆ ಸಿದ್ಧೇಶ್ವರ ಗುಡಿಗೆ ಓಡಿದೆ. ನಮ್ಮ ಸೀಮೆಯ ಗುಡಿಗಳು ಸಾಮಾನ್ಯವಾಗಿ ಮೂಡಣಕ್ಕೆ ಮುಖ ಮಾಡಿರುತ್ತವೆ, ಅಲ್ವಾ? ಹಾವೇರಿಯ ಸಿದ್ಧೇಶ್ವರ ಪಡುವಣಕ್ಕೆ ಮುಖ ಮಾಡಿ ಕೂತಿದ್ದಾನೆ. ಬೆಳಗಿನ ಬಿಸಿಲೆಲ್ಲ ಅವನ ಬೆನ್ನಿಗೆ. ಮುಂಭಾಗ ಹೊಗೆ ಹಿಡಿದ ಅಡುಗೆಮನೆಯ ಹಾಗೆ ಕಪ್ಪಗಿತ್ತು.

ಸಂಜೆಯತನಕ ಕಾಯೋಣ ಅಂತ ಹಾವೇರಿ ಪೇಟೆಯಲ್ಲಿ ತಿರುಗಿದೆ, ಏಲಕ್ಕಿ ಹಾರ ನೋಡಿದೆ, ಮಂಡಕ್ಕಿ-ಮಿರ್ಚಿ ತಿಂದೆ. ಐದು ಗಂಟೆಗೆ ಬಂದರೆ ಇನ್ನೊಂದು ಪಾಠ. ಆ ಗುಡಿಯ ನೆಲ ಈಗಿನ ಊರ ನೆಲಕ್ಕಿಂತ ಕೆಳಗಿದೆ, ಮೆಟ್ಟಿಲಿಳಿದು ಹೋಗಬೇಕು. ಹಾಗಾಗಿ ಸೂರ್ಯ ಪೂರ್ತಿ ಇಳಿಯುವ ಮೊದಲೇ ಕಂಬದ ಬುಡಕ್ಕೆ ಬೆಳಕು ತಪ್ಪಿಹೋಗುತ್ತದೆ. ನನಗೆ ಸಿಕ್ಕಿದ್ದು ಮೇಲಿನ ಅರ್ಧ. ಮತ್ತೆ ಒಂದು ತಿಂಗಳು ಬಿಟ್ಟು, ನಾಲ್ಕು ಗಂಟೆಗೇ ಕ್ಯಾಮೆರಾ ಬಿಚ್ಚಿ ಕೂತೆ. ಆ ಚಿತ್ರವೇ ಈಗ ನೀವು ಪರದೆ ಮೇಲೆ ನೋಡಿದ್ದು.

ದಿಕ್ಕಿನ ಮಾತು ಬಂದಾಗ ಇನ್ನೊಂದು ವಿಷಯ ಹೇಳಲೇಬೇಕು. ನನಗೆ ತುಂಬ ಇಷ್ಟವಾದ್ದು ಇದು. ಬಡಗಣ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಅಂತ ಫೋಟೋ ತೆಗೆಯುವವರು ಅದನ್ನು ಬಿಟ್ಟುಬಿಡುತ್ತಾರೆ. ದೆಹಲಿಯವರು ಹೆಚ್ಚುಕಮ್ಮಿ ಹಾಗೆ ಅನ್ನಬಹುದು. ನಾವು ಅನ್ನಬಾರದು. ಗದಗ ಇರುವುದು ಸುಮಾರು 15.4 ಡಿಗ್ರಿ ಉತ್ತರಕ್ಕೆ. ಮೇ ಮೊದಲ ವಾರ ಸೂರ್ಯ ನಮ್ಮ ನಡುನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ಮೂರು ತಿಂಗಳು ಬಡಗಣ ಗೋಡೆಗೆ ಇಡೀ ದಿನ ಬಿಸಿಲು.

ಅದರಲ್ಲೂ ಮೇ ನಡುವಿನ ಮಧ್ಯಾಹ್ನ ನೋಡಬೇಕು. ನಮ್ಮ ಊರಿನ ನಿಜವಾದ ಮಧ್ಯಾಹ್ನ ಗಡಿಯಾರದ 12ಕ್ಕಲ್ಲ, ಸುಮಾರು 12:25ಕ್ಕೆ. ಆ ಹೊತ್ತಿನಲ್ಲಿ ಬಿಸಿಲು ಗೋಡೆಗೆ ಎದುರು ಬಡಿಯುವುದಿಲ್ಲ, ಮಳೆ ನೀರು ಇಳಿದ ಹಾಗೆ ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಮೇ 15ರಂದು ಸೂರ್ಯ ನೆತ್ತಿಯಿಂದ ಸುಮಾರು ಮೂರೂವರೆ ಡಿಗ್ರಿಯಷ್ಟೇ ಉತ್ತರಕ್ಕಿರುತ್ತಾನೆ. ಲೆಕ್ಕ ಹಾಕಿ ನೋಡಿ, ಒಂದು ಸೆಂಟಿಮೀಟರ್ ಹೊರಚಾಚಿದ ಮಣಿ 16 ಸೆಂಟಿಮೀಟರ್ ಉದ್ದದ ನೆರಳು ಬಿಡುತ್ತದೆ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಬಡಗಣ ಗೋಡೆಯನ್ನು ನಾನು ಹಾಗೆ ತೆಗೆದಿದ್ದೇನೆ. ತಲೆ ಮೇಲೆ ಒದ್ದೆ ಟವೆಲ್ಲು, ಕಾಲಡಿ ಕಾದ ಕಲ್ಲು. ಪ್ರವಾಸಿಗಳು ಬೇವಿನ ನೆರಳಲ್ಲಿ ಕೂತು ಈ ಹುಚ್ಚನನ್ನು ನೋಡುತ್ತಿದ್ದರು. ಮೇಲೆ ಚಜ್ಜಾ ಚಾಚಿದ್ದ ಕಡೆ ಮಾತ್ರ ಆಟ ನಡೆಯಲಿಲ್ಲ, ಅಷ್ಟು ನೆಟ್ಟಗೆ ಇಳಿಯುವ ಬಿಸಿಲನ್ನು ಅದು ಪೂರ್ತಿ ನುಂಗಿಬಿಡುತ್ತದೆ. 'ಮಧ್ಯಾಹ್ನ ಫೋಟೋ ತೆಗೆಯಬಾರದು' ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರಲ್ಲ, ಆ ಪುಸ್ತಕ ಬರೆದವರು ಲಕ್ಕುಂಡಿಗೆ ಮೇ ತಿಂಗಳಲ್ಲಿ ಬಂದಿಲ್ಲ.

ಡಂಬಳದ ದೊಡ್ಡಬಸಪ್ಪ ಗುಡಿಯ ಬಗ್ಗೆ ಎರಡೇ ಮಾತು. ಅದರ ತಳ 24 ಮೂಲೆಯ ನಕ್ಷತ್ರ. ಮೂಲೆಗಳೆಲ್ಲ ಲಂಬ ಕೋನ, ಹಾಗಾಗಿ ಇಳಿ ಬಿಸಿಲಿಗೆ ಒಂದು ಮಗ್ಗುಲು ಬಿಳಿ, ಪಕ್ಕದ ಮಗ್ಗುಲು ಕಪ್ಪು. ಗುಡಿ ಸುತ್ತ ನಿಧಾನಕ್ಕೆ ನಡೆಯಿರಿ, ಬಿಳಿಯಿಂದ ಕಪ್ಪಿನತನಕ ಎಷ್ಟು ಬೂದುಗಳಿವೆ ಅಂತ ಆ ಗೋಡೆಯೇ ಹೇಳಿಕೊಡುತ್ತದೆ.

ಇನ್ನು, ಈ ಗುಡಿಗಳನ್ನು ಮೊದಲು ಕ್ಯಾಮೆರಾದಲ್ಲಿ ಹಿಡಿದವರ ಕಥೆ. 1855ರಲ್ಲಿ ಮುಂಬೈ ಸರ್ಕಾರ ಥಾಮಸ್ ಬಿಗ್ಸ್ ಅನ್ನುವ ತೋಪಖಾನೆಯ ಅಧಿಕಾರಿಯನ್ನು ಹಳೆಯ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ಅವನು ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿದ. ಆಮೇಲೆ ಅವನನ್ನು ಪಲ್ಟನ್ನಿಗೆ ವಾಪಸ್ ಕರೆದರು. ಆ ಜಾಗಕ್ಕೆ ವಿಲಿಯಂ ಪಿಗೌ ಅನ್ನುವ ಡಾಕ್ಟರ್ ಬಂದ, ಧಾರವಾಡ ಸೀಮೆಯ ಗುಡಿಗಳನ್ನು ತೆಗೆದ. ಇವರ ಮತ್ತು ಮೈಸೂರು ಕಡೆ ಕೆಲಸ ಮಾಡಿದ ನೀಲ್ ಅನ್ನುವವನ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಅಚ್ಚು ಹಾಕಿದ ಚಿತ್ರಗಳಲ್ಲ, ಅಸಲಿ ಪ್ರಿಂಟ್‌ಗಳನ್ನೇ ಹಾಳೆಗೆ ಅಂಟಿಸಿದ್ದರು. ಇತಿಹಾಸ ಬರೆದವನು ಮೆಡೋಸ್ ಟೇಲರ್, ನಮ್ಮ ಸುರಪುರದ ಟೇಲರ್ ಸಾಹೇಬ. ಆಗ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೊಳಗೇ ಇದ್ದವು. ಬೇರೆ ಜಿಲ್ಲೆ ಆದದ್ದು 1997ರಲ್ಲಿ, ನಿಮಗೆ ಗೊತ್ತೇ ಇದೆ.

ಬಿಗ್ಸ್, ಪಿಗೌ ಬಳಸಿದ ನೆಗೆಟಿವ್ ಅಂದರೆ ಕಾಗದ. ಬೆಳ್ಳಿಯ ಲವಣ ಹಚ್ಚಿದ ಕಾಗದ. ಅದಕ್ಕೆ ಕಾಣುತ್ತಿದ್ದದ್ದು ನೀಲಿ ಬೆಳಕು ಮಾತ್ರ, ಕೆಂಪು ಅದರ ಪಾಲಿಗೆ ಕತ್ತಲೆ. ಹಾಗಾಗಿ ಆಕಾಶ ಯಾವಾಗಲೂ ಬೆಳ್ಳಗೆ ಸುಟ್ಟುಹೋಗುತ್ತಿತ್ತು, ಮೋಡ ಇದ್ದರೂ ಸಿಗುತ್ತಿರಲಿಲ್ಲ. ಆಕಾಶದಲ್ಲಿ ಕಲೆ ಬಿದ್ದರೆ ಎಷ್ಟೋ ಜನ ನೆಗೆಟಿವ್ ಮೇಲೆ ಮಸಿ ಬಳಿದು ಪ್ರಿಂಟಿನಲ್ಲಿ ಅದನ್ನು ಪೂರ್ತಿ ಬಿಳಿ ಮಾಡಿಬಿಡುತ್ತಿದ್ದರು. ಆದರೆ ಬೂದು ಕಲ್ಲಿಗೆ ಕಾಗದ ಹೇಳಿ ಮಾಡಿಸಿದ ಹಾಗಿತ್ತು. ಆ ಚಿತ್ರಗಳಲ್ಲಿ ನೆರಳು ಮೆತ್ತಗೆ, ಹತ್ತಿಯ ಹಾಗೆ ಕೂತಿದೆ. ಅಷ್ಟು ದೊಡ್ಡ ಕ್ಯಾಮೆರಾ, ರಾಸಾಯನಿಕದ ಬಾಟಲಿ, ಎತ್ತಿನ ಗಾಡಿ, ಈ ಬಿಸಿಲು. ನಾವು ಬ್ಯಾಟರಿ ಮುಗೀತು ಅಂತ ಗೊಣಗುತ್ತೇವೆ.

ಬಿಸಿಲಿನ ಮಾತು ಬಂತಲ್ಲ, ನನ್ನ ಪರದಾಟವನ್ನೂ ಹೇಳಿಬಿಡುತ್ತೇನೆ. ಫಿಲ್ಮ್ ತೊಳೆಯುವ ಡೆವಲಪರ್ 20 ಡಿಗ್ರಿ ಇರಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ನಲ್ಲಿ ಬಿಟ್ಟರೆ ಸ್ನಾನಕ್ಕೆ ಬರುವಂಥ ನೀರು. ಒಮ್ಮೆ ಬಿಸಿ ಡೆವಲಪರ್‌ನಲ್ಲೇ ತೊಳೆದು, ಗಾಬರಿಯಾಗಿ, ಐಸ್ ಕ್ಯಾಂಡಿ ಮಾರುವವನ ಹತ್ತಿರ ಐಸ್ ತಂದು ಮುಂದಿನ ನೀರಿಗೆ ಹಾಕಿದೆ. ಬಿಸಿಯಿಂದ ಒಮ್ಮೆಲೇ ತಂಪಿಗೆ ಬಿದ್ದ ಫಿಲ್ಮಿನ ಪದರ ಸುಕ್ಕುಗಟ್ಟಿ ಒಡೆಯಿತು. 36 ಚಿತ್ರಗಳ ಮೇಲೂ ಬೇಸಿಗೆಯ ಕೆರೆಯಂಗಳದ ಬಿರುಕು. ಆಮೇಲೆ ದಾರಿ ತೋರಿಸಿದ್ದು ನಮ್ಮ ಅವ್ವ. ಕುಡಿಯುವ ನೀರಿನ ಹರವಿ ಕೆಳಗೆ ಒದ್ದೆ ಉಸುಕು ಇರುತ್ತದಲ್ಲ, ಅದರಲ್ಲಿ ಬಾಟಲಿಗಳನ್ನೆಲ್ಲ ರಾತ್ರಿಯಿಡೀ ಹೂತಿಡು ಅಂದಳು. 20 ಡಿಗ್ರಿಗೆ ಬರುತ್ತಿರಲಿಲ್ಲ, ಆದರೆ ಎಲ್ಲ ಬಾಟಲಿಗಳೂ ಒಂದೇ ತಂಪಿಗೆ ಬರುತ್ತಿದ್ದವು. ಅದು ಮುಖ್ಯ. ಬಿಸಿ ಎಷ್ಟು ಜಾಸ್ತಿಯೋ ಅಷ್ಟು ಹೊತ್ತು ಕಡಿಮೆ ಮಾಡಿದರಾಯಿತು.

ಈಗ ಊರೊಳಗೆ ಬರೋಣ. ಗುಡಿ ಒಂದು ಬಗೆ, ಮನೆ ಇನ್ನೊಂದು ಬಗೆ. ಹುಬ್ಬಳ್ಳಿ, ಗದಗ, ಧಾರವಾಡದ ಹಳೇ ಓಣಿಗಳಲ್ಲಿ ಕಟ್ಟಿಗೆ ಕೆಲಸದ ಮನೆಗಳು ಇನ್ನೂ ಉಳಿದಿವೆ. ದಪ್ಪ ತೊಲೆ, ಬೋದಿಗೆ, ಪಡಸಾಲೆಯ ಕಂಬ, ದೀಪದ ಮಾಡ, ಬೆಳಕಿಂಡಿ. ಇಲ್ಲಿ ಬಿಸಿಲಿನ ಆಟ ನಡೆಯುವುದಿಲ್ಲ. ಓಣಿ ಇಕ್ಕಟ್ಟು, ಬಿಸಿಲು ಬಂದರೆ ಅರ್ಧ ಗೋಡೆ ಸುಡುತ್ತದೆ, ಅರ್ಧ ಮಸಿ. ಮನೆಗಳಿಗೆ ನನಗೆ ಬೇಕಾದ್ದು ಧಾರವಾಡದ ಜುಲೈ. ಜಿಟಿಜಿಟಿ ಮಳೆ ನಿಂತು, ಇನ್ನೂ ಮೋಡ ಕವಿದಿರುವಾಗ ಒಂದು ಸಮನಾದ ಬೆಳಕು ಇರುತ್ತದಲ್ಲ, ಅದು. ನೆನೆದ ಹಂಚು ಕಪ್ಪಾಗಿರುತ್ತದೆ, ಸುಣ್ಣದ ಗೋಡೆ ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತದೆ. ಇಲ್ಲಿಯ ಕರ್ನಾಟಕ ಕಾಲೇಜಿನ ಕಟ್ಟಡವನ್ನೂ ನಾನು ಮಳೆಗಾಲದಲ್ಲೇ ತೆಗೆಯುವುದು. 1917ರಲ್ಲಿ ಕಾಲೇಜು ಶುರುವಾಗುವ ಮೊದಲು ಅದು ಸದರ್ನ್ ಮರಾಠಾ ರೈಲ್ವೆಯ ಕಚೇರಿಗಾಗಿ ಕಟ್ಟಿದ್ದು. ಕಮಾನಿನ ಹಿಂದೆ ಕಮಾನು. ಮೋಡದ ಬೆಳಕಿನಲ್ಲಿ ಮೊದಲ ಕಮಾನಿನಿಂದ ಕೊನೆಯದರವರೆಗೆ ಬೂದು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ.

ಅಜ್ಜಿಯ ಬಾಗಿಲಿಗೆ ವಾಪಸ್ ಬರುತ್ತೇನೆ. ಲಲಾಟದಲ್ಲಿ, ಅಂದರೆ ಬಾಗಿಲ ಮೇಲ್ಪಟ್ಟಿಯ ನಡುವೆ, ಗಣಪತಿ, ಎರಡೂ ಕಡೆ ಗಿಳಿ, ಕೆಳಗೆ ಆನೆ, ಸುತ್ತ ಬಳ್ಳಿಯ ಪಟ್ಟಿಗಳು. ತೇಗದ ಕಟ್ಟಿಗೆ. ಆದರೆ ದೀಪಾವಳಿ ಬಂತು ಅಂದರೆ ಮನೆಯವರು ಅದಕ್ಕೆ ಹಸಿರು ಆಯಿಲ್ ಪೇಂಟ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಕೂತು ಆನೆಯ ಕಣ್ಣು ಮುಚ್ಚಿಹೋಗಿತ್ತು. ಗಿಳಿಯ ಕೊಕ್ಕು ಬೆಲ್ಲದ ಅಚ್ಚಿನ ಹಾಗೆ ಮೊಂಡಾಗಿತ್ತು. ಗೋಡೆಗೆ ಗುಲಾಬಿ ಸುಣ್ಣ. ಬಣ್ಣದಲ್ಲಿ ತೆಗೆದರೆ ಹಸಿರು-ಗುಲಾಬಿ ಜಗಳ ಮಾತ್ರ ಕಾಣುತ್ತಿತ್ತು, ಕೆತ್ತನೆ ಹಿಂದೆ ಸರಿಯುತ್ತಿತ್ತು. ಕಪ್ಪು-ಬಿಳುಪಿನಲ್ಲಿ ತೆಗೆದ ಮೇಲೆ ಬಳ್ಳಿ ಮುಂದೆ ಬಂತು. "ಬಣ್ಣ ಎಲ್ಲಿ ಹೋತು?" ಅಂದಳಲ್ಲ, ಅಜ್ಜಿ, ನಿನ್ನ ಮಗ ಬಳಿದ ಬಣ್ಣ ಅಷ್ಟೇ ಹೋದದ್ದು, ಬಡಿಗನ ಕೆಲಸ ಅಲ್ಲೇ ಇದೆ.

ಪೇಂಟಿನ ಇನ್ನೊಂದು ತೊಂದರೆ ಹೊಳಪು. ಪ್ರತಿ ಉಬ್ಬಿನ ಮೇಲೂ ಒಂದು ಬಿಳಿ ಚುಕ್ಕೆ. ಲೆನ್ಸಿಗೆ ಪೋಲರೈಸರ್, ಅಂದರೆ ಹೊಳಪು ತಡೆಯುವ ಗಾಜು, ಹಾಕಿ ತಿರುಗಿಸಿದರೆ ಬಹಳಷ್ಟು ಹೋಗುತ್ತದೆ. ಅದಿಲ್ಲದಿದ್ದರೆ ಎದುರು ಮನೆಯ ಕಟ್ಟೆಗೆ ಒಂದು ಕಂಬಳಿ ನೇತುಹಾಕಿಸಿ. ಹೊಳಪು ಅಂದರೆ ಎದುರಿನ ಬೆಳಕಿನ ಪ್ರತಿಬಿಂಬವೇ ತಾನೇ?

ಈಗಿನ ಹುಡುಗರು ಮೊಬೈಲಿನಲ್ಲಿ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಸೊನ್ನೆಗೆ ತಂದು 'ಬ್ಲ್ಯಾಕ್ ಅಂಡ್ ವೈಟ್ ಆಯ್ತು' ಅನ್ನುತ್ತಾರೆ. ಅಲ್ಲಿ ಏನಾಗುತ್ತದೆ ನೋಡಿ. ಕೆಲವು ಆ್ಯಪ್‌ಗಳು ಮೂರೂ ಬಣ್ಣವನ್ನು ಸಮ ಮಾಡುತ್ತವೆ. ಕೆಲವು ನಮ್ಮ ಕಣ್ಣಿನ ಲೆಕ್ಕ ಹಿಡಿದು ನೂರಕ್ಕೆ ಹಸಿರಿಗೆ ಸುಮಾರು 59, ಕೆಂಪಿಗೆ 30, ನೀಲಿಗೆ 11 ಪಾಲು ಕೊಡುತ್ತವೆ. ಹೇಗೇ ಮಾಡಿದರೂ ಒಂದು ಕೆಂಪು, ಒಂದು ಹಸಿರು ಎರಡೂ ಒಂದೇ ಬೂದು ಆಗುವ ಸಾಧ್ಯತೆ ಇದೆ. ಬಾಗಿಲು ಗೋಡೆಯೊಳಗೆ ಕರಗಿಹೋಗುತ್ತದೆ. ಅದರ ಬದಲು ಬಣ್ಣದಲ್ಲೇ ತೆಗೆದಿಟ್ಟು, ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಮಾಡಿ. ನಾವು ಮೊದಲು ಲೆನ್ಸಿನ ಮುಂದೆ ಬಣ್ಣದ ಗಾಜು ಹಾಕಿ ಮಾಡುತ್ತಿದ್ದದ್ದೂ ಇದನ್ನೇ.

ಗಾಜಿನ ವಿಷಯದಲ್ಲೂ ನಾನು ಮುಖಭಂಗ ಅನುಭವಿಸಿದ್ದೇನೆ. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗಿ ಗೋಪುರ ಎದ್ದು ನಿಲ್ಲುತ್ತದೆ ಅಂತ ಓದಿದ್ದೆ. ಮೂರು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ), ನುಂಗಲಿ ಬಿಡು ಅಂತ ಹಾಕಿದೆ. ಆಕಾಶ ಕಪ್ಪಾಯಿತು, ಭರ್ಜರಿಯಾಗಿ. ಆದರೆ ಗುಡಿಯ ಪೌಳಿಗೆ, ಅಂದರೆ ಸುತ್ತುಗೋಡೆಗೆ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದಿದ್ದರು. ಕೆಂಪು ಗಾಜಿಗೆ ಕೆಮ್ಮಣ್ಣೂ ಬೆಳ್ಳಗೇ ಕಾಣುತ್ತದೆ. ಪ್ರಿಂಟಿನಲ್ಲಿ ಪಟ್ಟೆ ಹೆಚ್ಚುಕಮ್ಮಿ ಅಳಿಸಿಹೋಗಿ, ಪೌಳಿ ಆಸ್ಪತ್ರೆಯ ಗೋಡೆ ಆಗಿತ್ತು. ಅಂದಿನಿಂದ ಊರ ಗುಡಿಗಳಿಗೆ ಹಳದಿ ಗಾಜು ಸಾಕು ಅಂತ ತೀರ್ಮಾನಿಸಿದೆ.

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾದೊಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದರ ಬಗ್ಗೆ ಚಿಕ್ಕದಾಗಿ. ಕ್ಯಾಮೆರಾದ ಮೀಟರ್ ಎದುರಿಗೆ ಕಂಡದ್ದನ್ನೆಲ್ಲ ನಡುಬೂದು ಮಾಡಲು ನೋಡುತ್ತದೆ. ಎಣ್ಣೆ ಹೀರಿ, ಜನರ ಕೈ ಬೆನ್ನು ತಾಗಿ ಕಪ್ಪಾದ ಕಂಬ ತೋರಿಸಿದರೆ 'ಅಯ್ಯೋ ಕತ್ತಲೆ' ಅಂತ ಬೆಳಕು ಜಾಸ್ತಿ ಮಾಡುತ್ತದೆ, ಕಂಬ ಸಿಮೆಂಟಿನ ಹಾಗೆ ಕಾಣುತ್ತದೆ. ಒಂದು ಸ್ಟಾಪ್ ಇಳಿಸಿ. ಸುಣ್ಣದ ಗೋಡೆಗೆ ಇದರ ಉಲ್ಟಾ.

ಆಮೇಲೆ ವೈರು, ಫ್ಲೆಕ್ಸು, ಬೈಕು. ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗಿದ್ದೀರಲ್ಲ, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಳಿದು ಒಳಗೆ ನಡೆದರೆ ಮನೆಗಳ ನಡುವೆ ಗುಡಿ. ಹಿಂದೆ ಸರಿದು ನಿಲ್ಲೋಣ ಅಂದರೆ ಜಾಗ ಇಲ್ಲ. ಕ್ಯಾಮೆರಾ ಮೇಲಕ್ಕೆ ಎತ್ತಿದರೆ ಗೋಡೆ ಹಿಂದಕ್ಕೆ ಬಿದ್ದ ಹಾಗೆ ಬರುತ್ತದೆ. ಇಂಥ ಕಡೆ ನಾನು ಮಾಡುವುದು ಒಂದೇ, ಎದುರು ಮನೆಯವರನ್ನು ಕೇಳಿ ಮಾಳಿಗೆ ಹತ್ತುವುದು. ನಮ್ಮ ಜನ ಇಲ್ಲ ಅನ್ನುವುದಿಲ್ಲ. "ಯಾ ಊರ್‌ರಿ, ಯಾರ ಪೈಕಿ?" ಅಂತ ಕೇಳಿ, ಚಹಾ ಕೊಟ್ಟು, ಮಗನ ಮದುವೆ ಆಲ್ಬಮ್ ತೋರಿಸಿ, ಆಮೇಲೆ ಮೇಲೆ ಬಿಡುತ್ತಾರೆ. ಅಷ್ಟರಲ್ಲಿ ಬೆಳಕು ಹೋಗಿರುತ್ತದೆ. ಹಾಗಾಗಿ ಒಂದು ತಾಸು ಮೊದಲೇ ಹೋಗಿ.

ಕೊನೆಗೆ ಒಂದಿಷ್ಟು ಪ್ರಶ್ನೆಗಳು ಬಂದವು. ವೈರುಗಳನ್ನು ಕಂಪ್ಯೂಟರಿನಲ್ಲಿ ಅಳಿಸಬಹುದಾ ಅಂತ ಒಬ್ಬರು ಕೇಳಿದರು. ಅಳಿಸಬಹುದು, ನಾನು ಅಳಿಸುವುದಿಲ್ಲ. ವೈರಿನ ನೆರಳು ಕಲ್ಲಿನ ಮೇಲೆ ಬಿದ್ದು ಚಂದ ಕಾಣುವ ದಿನವೂ ಇರುತ್ತದೆ. ಟ್ರೈಪಾಡ್ ಬೇಕಾ ಅಂತ ಇನ್ನೊಬ್ಬರು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು. ಅದಿಲ್ಲದೆ ಕಂಬಕ್ಕೆ ಭುಜ ಕೊಟ್ಟು, ಉಸಿರು ಅರ್ಧ ಬಿಟ್ಟು ಒತ್ತಿದರೆ ಹದಿನೈದನೇ ಒಂದು ಸೆಕೆಂಡಿನವರೆಗೆ ನನ್ನ ಕೈ ನಡುಗುವುದಿಲ್ಲ. ಈಚೆಗೆ ಸ್ವಲ್ಪ ನಡುಗುತ್ತದೆ. ಅಜ್ಜಿಯ ಬಾಗಿಲು ಈಗಲೂ ಇದೆಯಾ ಅಂತ ಒಬ್ಬ ಹುಡುಗಿ ಕೇಳಿದಳು. ಇಲ್ಲ. ಅಜ್ಜಿ ಹೋದ ಮೇಲೆ ಯಾರೋ ಹಳೇ ಸಾಮಾನಿನವರು ಬಂದು ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಒಯ್ದರು. ಅಲ್ಲೀಗ ರೋಲಿಂಗ್ ಶಟರ್ ಇದೆ. ಮೊಮ್ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ನಾನು ಕೊಟ್ಟ ಪ್ರಿಂಟು ಗಲ್ಲಾದ ಹಿಂದೆ ತೂಗುತ್ತಿದೆ, ಹಸಿರು ಚೌಕಟ್ಟು ಹಾಕಿಸಿ.

ಅಷ್ಟು ಹೊತ್ತಿಗೆ ಹನ್ನೆರಡು ದಾಟಿತ್ತು. ಮುಂದಿನ ಸಾಲಿನಲ್ಲಿದ್ದ ಇಬ್ಬರು ಹುಡುಗರು ಕ್ಯಾಮೆರಾ ಬ್ಯಾಗು ಹೆಗಲಿಗೇರಿಸಿ ಎದ್ದರು. "ಸರ್, ಈಗಲೇ ಉಣಕಲ್ಲಿಗೆ ಹೋಗೋಣ, ನೀವೂ ಬರ್ರಿ" ಅಂದರು.

"ಗುಡಿಯ ಮುಖ ಯಾವ ಕಡೆ?" ಅಂತ ಕೇಳಿದೆ.

"ನಾಲ್ಕೂ ಕಡೆ ಬಾಗಿಲೈತಿ ಸರ್" ಅಂದ ಒಬ್ಬ. ಸಭೆಯೆಲ್ಲ ನಕ್ಕಿತು.

ನಾನೂ ನಕ್ಕೆ. "ಹಂಗಾರ ಊಟ ಮಾಡಿ ನಾಲ್ಕಕ್ಕ ಬರ್ರಿ. ಪಡುವಣ ಬಾಗಿಲ ಕಡೆ ನಿಂತಿರ್ತೀನಿ" ಅಂದೆ.